ಕಾರಾಪುರದ ಮಾವುತನ ಮಗ

ಗುಂಡ್ಲುಪೇಟೆಯನ್ನು ದಾಟಿ ಉದಕಮಂಡಲದ ದಾರಿ ಹಿಡಿದವರಿಗೆ ಬಲಗಡೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ಮುಂದುಗಡೆ ಬಂಡೀಪುರದ ಕಾಡೂ ಕಾಣುತ್ತವೆ. ಆ ಕಾಡು ಪಡುವಲಿಗೆ ಹಬ್ಬುತ್ತ ಹೋಗಿ ಕಬಿನಿಯ ತೀರವನ್ನು ಮುಟ್ಟುತ್ತದೆ. ಮೂಡಲಿಗೆ, ಚಾಮರಾಜನಗರದ ಆಚೆ, ಬಿಳಿಗಿರಿರಂಗನ ಬೆಟ್ಟಗಳ ಸಾಲು. ತಾಲ್ಲೂಕು ಜಿಲ್ಲೆಗಳ ಎಲ್ಲೆಗಳು ನಮಗೇ ಹೊರತು ಆನೆಗಲ್ಲ. ನಮಗಾದರೂ ೧೯೯೭ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಗುವವರೆಗೆ ಇವೆಲ್ಲವೂ ಮೈಸೂರು ಜಿಲ್ಲೆಯೇ ಆಗಿದ್ದವು. ಈ ಆನೆಸೀಮೆಯ ಪಡುವಲ ಅಂಚಿನಲ್ಲಿರುವ ಕಾರಾಪುರವೆಂಬ ಹಳ್ಳಿಯಲ್ಲಿ, ೧೯೨೪ನೆಯ ಇಸವಿ ಜನವರಿ ೨೭ರಂದು, ಮಾವುತನೊಬ್ಬನ ಮನೆಯಲ್ಲಿ ಹುಟ್ಟಿದ ಗಂಡುಮಗು ಮುಂದೆ ಹದಿನೆಂಟು ವರ್ಷಗಳಲ್ಲಿ ಕಿಪ್ಲಿಂಗನ ಮೋಗ್ಲಿಗೆ ತನ್ನ ಮೈಯನ್ನೂ ಮುಖವನ್ನೂ ಕೊಟ್ಟಿತು. ಸಾಬು ಎಂಬ ಎರಡಕ್ಷರದ ಹೆಸರಿನಿಂದ ಒಂದು ಕಾಲದಲ್ಲಿ ಲಂಡನ್ ನ್ಯೂಯಾರ್ಕುಗಳ ಮಕ್ಕಳೆಲ್ಲ ಬಲ್ಲವನಾಗಿದ್ದ ಆತನನ್ನು ಹುಟ್ಟಿದ ಸೀಮೆಯ ಮಕ್ಕಳಿಗೆ ಪರಿಚಯಿಸಬೇಕಾಗಿ ಬಂದಿರುವುದು ವಿಚಿತ್ರವೇ ಸರಿ.

ಈ ಬರಹಕ್ಕೆ ಪ್ರೇರಣೆಯಾದದ್ದು ನನ್ನ ವಿದ್ಯಾರ್ಥಿಗಳ ಒಂದು ಬೇಡಿಕೆ. ನಾನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಉಪಾಧ್ಯಾಯ. ಈಗಿನ ಹುಡುಗರು ಅನಿಮೆ ಎಂದು ಕರೆಯುವ ಜಪಾನೀ ಚಿತ್ರಮಾಲೆಗಳಲ್ಲಿ ಮೋಗ್ಲಿಯ ಕಥೆಯನ್ನು ನೋಡಿ ಮುಗಿಸಿ, ಅದೇ ಬಗೆಯ ಹಳೆಯ ಕಥೆಗಳು, ಪ್ರಾಣಿಗಳೂ ಸಾಹಸವೂ ವೀರವೂ ಕೂಡಿದವು, ಇನ್ನಾವುವಿವೆ ಎಂದು ಅವರು ಕೇಳಿದರು. ಆ ಮೋಗ್ಲಿಯನ್ನು ನಮ್ಮ ತಲೆಮಾರೂ ಬಲ್ಲದು. ಟೋಕಿಯೋದ ನಿಪ್ಪನ್ ಅನಿಮೇಷನ್ ಸಂಸ್ಥೆ ೧೯೮೯ರಲ್ಲಿ ತಯಾರಿಸತೊಡಗಿದ ಐವತ್ತೆರಡು ಕಂತುಗಳ ಆ ಮಾಲೆ ತೊಂಬತ್ತರ ದಶಕದ ಮೊದಲ ಭಾಗದಲ್ಲಿ ದೂರದರ್ಶನದಲ್ಲಿ ಹಿಂದಿಯ ಮಾತುಗಳೊಡನೆ ಪ್ರಸಾರವಾಯಿತು. ಹಿಂದಿ ಅಷ್ಟಾಗಿ ಬಾರದ ನಮ್ಮೂರ ಮಕ್ಕಳು ಭಾನುವಾರದ ಬೆಳಗ್ಗೆ ಟೆಲಿವಿಷನ್ ಇದ್ದವರ ಮನೆಯ ಜಗಲಿಯಲ್ಲಿ ಕಿಕ್ಕಿರಿದು ಕುಳಿತು, ತೋಳದ ಮಾತೂ ಕರಡಿಯ ಮಾತೂ ಅರ್ಥವಾದಂತೆಯೇ ನಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಶೇರ್‌ಖಾನನನ್ನು ಹಳಿಯಲು ಭಾಷೆ ಬೇಕಾಗಿರಲಿಲ್ಲ.

ಕೇಳಿದವರಿಗೆ ನಾನು ಕೆಲವು ಹೆಸರುಗಳನ್ನು ಹೇಳಿದ್ದುಂಟು. ಒಸಾಮು ತೆಜುಕಾ ೧೯೫೦ರಲ್ಲಿ ಚಿತ್ರಕಥೆಯಾಗಿ ಬರೆಯತೊಡಗಿ, ೧೯೬೫ರಲ್ಲಿ ಟೆಲಿವಿಷನ್ನಿಗೆ ಅಳವಡಿಸಿದ ‘ಜಂಗಲ್ ತೈತೇಯ್’ ಅವುಗಳಲ್ಲಿ ಹಿರಿಯದು. ಬೇಟೆಗಾರರ ಗುಂಡಿಗೆ ತಂದೆಯನ್ನು ಕಳೆದುಕೊಂಡ ಬಿಳಿಯ ಸಿಂಹದ ಮರಿಯೊಂದು ಹಡಗಿನಿಂದ ತಪ್ಪಿಸಿಕೊಂಡು, ಕಡಲನ್ನು ಈಜಿ, ತನ್ನ ಕಾಡಿಗೆ ಮರಳುವ ಕಥೆ ಅದು. ಇಂಗ್ಲಿಷ್ ಬಲ್ಲವರು ಅದನ್ನು ಕಿಂಬಾ ಎಂಬ ಹೆಸರಿನಲ್ಲಿ ಅರಿತಿದ್ದಾರೆ. ಒಸಾಮು ದೆಜಾಕಿ ೧೯೭೫ರಲ್ಲಿ ನಿರ್ದೇಶಿಸಿದ ‘ಗಂಬಾ ನೋ ಬೋಕೆನ್’ ಇಲಿಗಳ ಸಾಹಸ. ಅಂಗೈಯಗಲದ ಜೀವಿಗಳು ನೊರೊಯಿ ಎಂಬ ಬಿಳಿಯ ವೀಸೆಲ್ಲಿಗೆ, ನಮ್ಮ ಮುಂಗುಸಿಯನ್ನು ಹೋಲುವ ಹಿಂಸ್ರ ಪ್ರಾಣಿಗೆ, ಎದುರು ನಿಲ್ಲುವುದನ್ನು ನೋಡಿದರೆ ಭಯವೆಂದರೇನು, ಧೈರ್ಯವೆಂದರೇನು ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಅದೇ ಮೇಲು. ೧೯೮೬ರ ‘ಗಿಂಗಾ ನಗಾರೆಬೋಷಿ ಗಿನ್’ ಅಕಿತಾ ತಳಿಯ ನಾಯಿಮರಿಯೊಂದು ನಾಡಿನ ನಾಯಿಗಳನ್ನೆಲ್ಲ ಒಗ್ಗೂಡಿಸಿ ದೈತ್ಯಕರಡಿಯೊಂದರ ಮೇಲೆ ದಂಡೆತ್ತಿ ಹೋಗುವ ಕಥೆ. ವೀರರಸಕ್ಕೆ ಅದರಲ್ಲಿ ಕೊರತೆಯಿಲ್ಲ, ಆದರೆ ರಕ್ತವೂ ಧಾರಾಳವಾಗಿದೆ, ಚಿಕ್ಕವರಿಗೆ ತೋರಿಸುವವರು ವಿವೇಚಿಸಬೇಕು.

ಇಷ್ಟು ಹೇಳಿಯೂ ನನಗೆ ತೃಪ್ತಿಯಾಗಲಿಲ್ಲ. ಗೆರೆಯಲ್ಲಿ ಬರೆದ ಆನೆಗೆ ತೂಕವಿರುವುದಿಲ್ಲ. ಬಂಡೀಪುರದ ಅಂಚಿನ ಹಳ್ಳಿಗಳಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ಆನೆಯೆಂದರೆ ನಿನ್ನೆ ರಾತ್ರಿ ಬಾಳೆಯ ತೋಟಕ್ಕೆ ನುಗ್ಗಿದ್ದು. ಕಂದಕವನ್ನೂ ಸೌರಬೇಲಿಯನ್ನೂ ಲೆಕ್ಕಿಸದೆ ಬಂದು, ರಾಗಿಯ ಹೊಲವನ್ನು ತುಳಿದುಹೋದದ್ದು. ಅಂಥ ಮಕ್ಕಳಿಗೆ ಆನೆಯೊಡನೆ ಹುಡುಗನೊಬ್ಬ ಬಾಳಿದ ಕಥೆಯನ್ನು ಹೇಳುವುದಾದರೆ ನಿಜವಾಗಿ ಬಾಳಿದವನೊಬ್ಬನ ಕಥೆಯನ್ನೇ ಹೇಳಬೇಕು. ಅಂಥವನು ಸಾಬು. ಅವನನ್ನು ಅರಿಯಲು ಅವನು ಹುಟ್ಟುವ ಐವತ್ತು ವರ್ಷಗಳ ಹಿಂದಿನ ಚಾಮರಾಜನಗರಕ್ಕೆ ಒಮ್ಮೆ ಹೋಗಿಬರಬೇಕು.

ಅಲ್ಲಿ ನಮಗೆ ಎದುರಾಗುವವನು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಈತನ ತಂದೆ ಡೇನಿಯಲ್ ಸ್ಯಾಂಡರ್ಸನ್ ಮೈಸೂರಿನ ವೆಸ್ಲಿಯನ್ ಪಾದ್ರಿ. ರೀವ್ ಸಾಹೇಬನ ಕನ್ನಡ ನಿಘಂಟನ್ನು ತಿದ್ದಿ ಬೆಳೆಸಿ ೧೮೫೮ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ ಮಹನೀಯ. ತಂದೆ ಕನ್ನಡದ ಶಬ್ದಗಳನ್ನು ಹಿಡಿದನು, ಮಗ ಕನ್ನಡನಾಡಿನ ಆನೆಗಳನ್ನು ಹಿಡಿದನು ಎಂದು ಹಾಸ್ಯಕ್ಕೆ ಹೇಳಬಹುದು. ಮಗನೂ ಕನ್ನಡವನ್ನು ಕಲಿತು, ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮೈಸೂರು ಸೀಮೆಯ ನಾಲೆಗಳ ಉಸ್ತುವಾರಿಗೆ ಸೇರಿದವನು. ನಾಲೆಯ ಕೆಲಸಕ್ಕಿಂತ ಕಾಡಿನ ಗೀಳು ಹೆಚ್ಚು. ಚಾಮರಾಜನಗರದ ಹತ್ತಿರ, ತಾನು ಮೊರ್ಲೆ ಎಂದು ಬರೆದ ಹಳ್ಳಿಯ ಬಳಿ ಬಂಗಲೆ ಕಟ್ಟಿಕೊಂಡು, ಉಪ್ಪಲಿಗರನ್ನೂ ಬಿಳಿಗಿರಿಯ ಸೋಲಿಗರನ್ನೂ ಜೊತೆಗೆ ಹಾಕಿಕೊಂಡು ಹೆಜ್ಜೆ ಹಿಡಿದು ಅಲೆಯುತ್ತಿದ್ದ. ಆ ಸುತ್ತಿನ ನರಭಕ್ಷಕ ಹೆಣ್ಣುಹುಲಿಯೊಂದನ್ನು ಕೊಂದ ವೃತ್ತಾಂತವನ್ನು ಅವನು ವಿಸ್ತಾರವಾಗಿ ಬರೆದಿದ್ದಾನೆ.

ಆನೆಗಳನ್ನು ಹಿಂಡುಹಿಂಡಾಗಿ ಅಟ್ಟಿ ಹಿಡಿಯುವ ಖೆಡ್ಡಾ ಪದ್ಧತಿ ಬಂಗಾಳದ ಕಡೆ ರೂಢಿಯಲ್ಲಿದ್ದುದು. ಮೈಸೂರಿನಲ್ಲಿ ಹಳ್ಳ ತೋಡಿ ಒಂಟಿಯಾಗಿ ಬೀಳಿಸುವುದೇ ವಾಡಿಕೆ. ಹಾಗೆ ಬಿದ್ದ ಆನೆಗಳಲ್ಲಿ ಕಾಲು ಮುರಿದು ಸತ್ತವೇ ಅನೇಕ. ಹಿಂದೆ ಹೈದರಾಲಿ ತನ್ನ ಸೈನ್ಯವನ್ನೇ ಬಳಸಿ ಹಿಂಡನ್ನು ಹಿಡಿಯಹೋಗಿ ಸೋತು, ಇನ್ನು ಮುಂದೆ ಈ ಕೆಲಸಕ್ಕೆ ಕೈಹಾಕುವವನಿಗೆ ಶಾಪವನ್ನು ಕಲ್ಲಿನಲ್ಲಿ ಕೆತ್ತಿಸಿದ್ದನೆಂಬ ಪ್ರತೀತಿಯನ್ನು ಸ್ಯಾಂಡರ್ಸನ್ನನೇ ದಾಖಲಿಸಿದ್ದಾನೆ. ೧೮೭೩ರಲ್ಲಿ ಅವನ ಮೊದಲ ಯತ್ನದಲ್ಲಿ ಹಿಂಡು ಕೈತಪ್ಪಿತು. ಶಾಪ ಫಲಿಸಿತೆಂದು ಜನ ಆಡಿಕೊಂಡಿರಬಹುದು. ಮರುವರ್ಷ ಹೊನ್ನುಹೊಳೆಯ ದಡದಲ್ಲಿ, ಎಂದರೆ ನಮ್ಮ ಸುವರ್ಣಾವತಿಯ ದಡದಲ್ಲಿ, ಕಂದಕ ತೋಡಿ, ಬೆಂಕಿ ಹಾಕಿ, ತಮಟೆ ಬಡಿದು, ಸುತ್ತಲ ಹಳ್ಳಿಗಳ ಜನರನ್ನು ಕಾವಲಿಗೆ ನಿಲ್ಲಿಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಂದೇ ಸಲಕ್ಕೆ ಕೂಡಿಹಾಕಿದನು. ಮುಂದೆ ಸುಮಾರು ನೂರು ವರ್ಷಗಳ ಕಾಲ ಮೈಸೂರಿನಲ್ಲಿ ನಡೆದ ಖೆಡ್ಡಾಗಳಿಗೆಲ್ಲ ಮೂಲ ಅದು. ಅರಸರ ಅತಿಥಿಗಳಿಗೆ ಅದು ಮಹಾ ವಿನೋದ; ಆನೆಗಳ ಪಾಲಿಗೆ ಏನಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ. ಹಿಡಿದು ಪಳಗಿಸುವಾಗ ಸತ್ತವುಗಳ ಲೆಕ್ಕ ಪ್ರತಿ ಖೆಡ್ಡಾದ ಕೊನೆಗೂ ಇರುತ್ತಿತ್ತು.

ಈ ಗೆಲುವಿನ ಬಲದಿಂದ ೧೮೭೫ರಲ್ಲಿ ಸ್ಯಾಂಡರ್ಸನ್ ಢಾಕಾಕ್ಕೆ ನಿಯೋಜಿತನಾಗಿ, ಗಾರೋ ಬೆಟ್ಟಗಳಲ್ಲಿ ಆನೆ ಹಿಡಿಸಿದನು. ೧೮೭೮ರಲ್ಲಿ ಲಂಡನ್ನಿನಲ್ಲಿ ಅವನ ಗ್ರಂಥ ಹೊರಬಂದಿತು. ಹಿಂಡನ್ನು ನಡೆಸುವುದು ಸಲಗವಲ್ಲ, ಹೆಣ್ಣಾನೆ. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಎತ್ತರ. ಹುಲಿ ಜಿಂಕೆ ಹಂದಿಗಳನ್ನು ಹತೋಟಿಯಲ್ಲಿಡುವುದರಿಂದ ಬೇಸಾಯಗಾರನಿಗೆ ಅದು ಬರಿಯ ಶತ್ರುವಲ್ಲ – ಇಂಥ ಎಷ್ಟೋ ಸಂಗತಿಗಳನ್ನು ಅವನು ಕಣ್ಣಾರೆ ಕಂಡು ಬರೆದನು. ಸೋಲಿಗರೂ ಕಾಡುಕುರುಬರೂ ತೋರಿಸಿಕೊಟ್ಟದ್ದನ್ನು ಅವನು ಕಂಡನೆನ್ನುವುದು ಇನ್ನೂ ಸರಿಯಾದೀತು. ೧೮೯೨ರಲ್ಲಿ ಮದರಾಸಿನಲ್ಲಿ ತೀರಿಕೊಂಡಾಗ ಅವನಿಗೆ ಐವತ್ತೂ ತುಂಬಿರಲಿಲ್ಲ.

ಅದಾದ ಎರಡು ವರ್ಷಕ್ಕೆ, ೧೮೯೪ರಲ್ಲಿ, ರಡ್ಯಾರ್ಡ್ ಕಿಪ್ಲಿಂಗ್ ಅಮೆರಿಕದ ವರ್ಮಾಂಟಿನಲ್ಲಿ ಕುಳಿತು ಬರೆದ ‘ಜಂಗಲ್ ಬುಕ್’ ಪ್ರಕಟವಾಯಿತು. ಅದರಲ್ಲಿ ಮೋಗ್ಲಿಯ ಕಥೆಗಳ ಜೊತೆಗೆ ತೂಮಾಯಿ ಎಂಬ ಮಾವುತರ ಹುಡುಗನ ಕಥೆಯೊಂದಿದೆ. ಗಾರೋ ಬೆಟ್ಟಗಳಲ್ಲಿ ಸರ್ಕಾರದ ಆನೆಗಳನ್ನು ಹಿಡಿಸುವ ಪೀಟರ್ಸನ್ ಸಾಹೇಬನೆಂಬವನು ಅದರಲ್ಲಿ ಬರುತ್ತಾನೆ. ಆ ಸಾಹೇಬನಿಗೆ ಮಾದರಿ ಸ್ಯಾಂಡರ್ಸನ್ನನೇ ಎಂಬುದು ಕಿಪ್ಲಿಂಗನ ಓದುಗರಲ್ಲಿ ಬಹುಕಾಲದಿಂದ ಬಂದಿರುವ ಅಭಿಪ್ರಾಯ. ಸಾಹೇಬನಿಗೆ ಮಾದರಿ ಸಿಕ್ಕಿತು. ತೂಮಾಯಿಗೆ? ಕಥೆಗಾರನ ಕಲ್ಪನೆಯಲ್ಲಿ ಮಾತ್ರ ಇದ್ದ ಆ ಹುಡುಗ ಮೈದಾಳಿ ಬರಲು ನಾಲ್ಕು ದಶಕಗಳು ಬೇಕಾದವು. ಬಂದದ್ದು ಗಾರೋ ಬೆಟ್ಟದಿಂದಲ್ಲ, ಮೈಸೂರಿನ ಆನೆಲಾಯದಿಂದ.

ಸಾಬುವಿನ ತಂದೆ ಮಹಾರಾಜರ ಊಳಿಗದಲ್ಲಿದ್ದ ಮಾವುತ. ತಾಯಿ ಮಗುವಿನ ಎಳವೆಯಲ್ಲೇ ತೀರಿಕೊಂಡಳು. ತಂದೆಯೂ ಹುಡುಗ ಕೈಗೆ ಬರುವ ಮೊದಲೇ ಹೋದನು. ಉಳಿದವನು ಅಣ್ಣ ಶೇಖ್ ದಸ್ತಗೀರ್. ಮುಂದೆ ಪರದೇಶದ ಕಾಗದಪತ್ರಗಳಲ್ಲಿ ಅಣ್ಣನ ಹೆಸರೇ ತಮ್ಮನಿಗೂ ಅಂಟಿಕೊಂಡು, ಜಗತ್ತು ಅವನನ್ನು ಸಾಬು ದಸ್ತಗೀರ್ ಎಂದು ಕರೆಯಿತು. ದಿಕ್ಕಿಲ್ಲದ ಹುಡುಗನಿಗೆ ಮೈಸೂರು ಅರಮನೆಯ ಆನೆಲಾಯವೇ ಆಶ್ರಯವಾಯಿತು. ಮಾವುತರ ಮಕ್ಕಳು ಕೆಲಸವನ್ನು ಪಾಠವಾಗಿ ಕಲಿಯುವುದಿಲ್ಲ. ಸೊಪ್ಪು ಹೊರುವುದು, ಹೊಳೆಯಲ್ಲಿ ಮಲಗಿಸಿ ಮೈ ಉಜ್ಜುವುದು, ಹುಲ್ಲಿನಲ್ಲಿ ಅಕ್ಕಿ ಬೆಲ್ಲ ಸುತ್ತಿದ ಕುಸುರೆಯನ್ನು ಬಾಯಿಗಿಡುವುದು, ಕಿವಿಯ ಹಿಂದೆ ಕಾಲ್ಬೆರಳೊತ್ತಿ ದಾರಿ ತಿರುಗಿಸುವುದು – ಇವೇ ಅವರ ಅಕ್ಷರಾಭ್ಯಾಸ. ಆನೆ ಯಾವಾಗ ಸುಮ್ಮನಿರುತ್ತದೆ, ಯಾವಾಗ ಸುಮ್ಮನಿರುವಂತೆ ನಟಿಸುತ್ತದೆ ಎಂಬ ವ್ಯತ್ಯಾಸ ತಿಳಿದವನೇ ಅಲ್ಲಿ ಪಂಡಿತ.

೧೯೩೫ರಲ್ಲಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದನು. ಎಸ್ಕಿಮೋ ಜನರ ಬಾಳನ್ನು ಕುರಿತ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರದಿಂದ ೧೯೨೨ರಲ್ಲೇ ಹೆಸರಾದವನು ಅವನು. ಕಲಿತ ನಟರನ್ನು ಒಲ್ಲದೆ, ಆಯಾ ನೆಲದ ಜನರನ್ನೇ ತೆರೆಯ ಮೇಲೆ ತರಬೇಕೆಂಬ ಹಟದವನು. ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ಹಣ ಹೂಡಿದ್ದ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಆನೆಗಳನ್ನೂ ಆಳುಗಳನ್ನೂ ಒದಗಿಸಿತು. ತೂಮಾಯಿಯ ಪಾತ್ರಕ್ಕೆ ಹುಡುಗನನ್ನು ಹುಡುಕುತ್ತ ಹೋದ ಛಾಯಾಗ್ರಾಹಕ ಆಸ್ಮಂಡ್ ಬೊರಾಡೇಲನ ಕಣ್ಣಿಗೆ ಆನೆಲಾಯದಲ್ಲಿದ್ದ ಸಾಬು ಬಿದ್ದನು. ಹುಡುಗನಿಗೆ ಆಗ ಹನ್ನೊಂದರ ಪ್ರಾಯ. ಐರಾವತನೆಂಬ ಅರಮನೆಯ ಭಾರಿ ಆನೆ ಕಾಲಾನಾಗನ ಪಾತ್ರಕ್ಕೆ ನಿಂತಿತು.

‘ಎಲಿಫೆಂಟ್ ಬಾಯ್’ ಎಂಬ ಆ ಚಿತ್ರವನ್ನು ನೋಡುವಾಗ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದಂತಾಗುತ್ತದೆ. ಫ್ಲಾಹರ್ಟಿ ಮೈಸೂರಿನಲ್ಲಿ ಕಾಲದ ಪರಿವೆಯಿಲ್ಲದೆ ಕಾಡನ್ನೂ ಹೊಳೆಯನ್ನೂ ಆನೆಗಳನ್ನೂ ಚಿತ್ರಿಸಿದನು. ಕಥೆಯೆಂಬುದು ಮುಂದೆ ಸಾಗಲೇ ಇಲ್ಲ. ಕಳವಳಗೊಂಡ ಕೋರ್ಡಾ ಎಲ್ಲರನ್ನೂ ಹಿಂದಕ್ಕೆ ಕರೆಸಿ, ತನ್ನ ತಮ್ಮ ಜೋಲ್ಟಾನನಿಂದ ಲಂಡನ್ನಿನ ಬಳಿಯ ಡೆನ್‌ಹಮ್ ಕಲಾಗಾರದಲ್ಲಿ ಉಳಿದ ಭಾಗವನ್ನು ಮಾಡಿಸಿದನು. ಸಾಬುವೂ ಅಣ್ಣನೂ ಹಡಗು ಹತ್ತಿದ್ದು ಹೀಗೆ. ಕಲಾಗಾರದಲ್ಲಿ ತೆಗೆದ ದೃಶ್ಯಗಳು ಇಂದು ಸಪ್ಪೆಯಾಗಿ ಕಾಣುತ್ತವೆ. ಕಂದುಬಣ್ಣ ಬಳಿದುಕೊಂಡ ಇಂಗ್ಲಿಷ್ ನಟರು ನಮ್ಮವರಂತೆ ನಡೆಯಲಾರರು, ಕುಳಿತುಕೊಳ್ಳಲಾರರು. ಮೈಸೂರಿನ ದೃಶ್ಯಗಳಾದರೋ ಇನ್ನೂ ಹಸಿಯಾಗಿವೆ. ಐರಾವತ ಸೊಂಡಿಲು ಚಾಚುತ್ತದೆ, ಹುಡುಗ ಅದರ ಮೇಲೆ ಹೆಜ್ಜೆಯಿಟ್ಟು ನೆತ್ತಿಗೇರುತ್ತಾನೆ. ಮನೆಯ ಮೆಟ್ಟಿಲು ಹತ್ತುವವನ ಮುಖದಲ್ಲಿ ಎಷ್ಟು ವಿಶೇಷವಿರುತ್ತದೋ ಅಷ್ಟೇ ವಿಶೇಷ ಅವನ ಮುಖದಲ್ಲಿ. ಆ ಸಹಜತೆಯನ್ನು ಯಾವ ನಿರ್ದೇಶಕನೂ ಕಲಿಸಿಕೊಡಲಾರ. ನನ್ನ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಅದನ್ನು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕಿಪ್ಲಿಂಗನ ಕಥೆಯಲ್ಲಿ ತೂಮಾಯಿಯ ತಂದೆ ಕೊನೆಯವರೆಗೂ ಬದುಕಿರುತ್ತಾನೆ. ಚಿತ್ರದಲ್ಲಿ ಮಾತ್ರ ಅವನು ಹುಲಿಗೆ ಬಲಿಯಾಗುತ್ತಾನೆ. ಯಜಮಾನನನ್ನು ಕಳೆದುಕೊಂಡ ಆನೆ ಅಳಲಿನಿಂದ ಕೆರಳುತ್ತದೆ. ಕ್ರೂರನಾದ ಹೊಸ ಮಾವುತನ ಕೈಯಿಂದ ಅದನ್ನು ಬಿಡಿಸಿಕೊಂಡು ಹುಡುಗ ರಾತ್ರಿಯಲ್ಲಿ ಕಾಡು ಸೇರುತ್ತಾನೆ. ಮಾವುತನಾದ ತಂದೆಯನ್ನು ಕೆಲವೇ ವರ್ಷಗಳ ಹಿಂದೆ ನಿಜವಾಗಿ ಕಳೆದುಕೊಂಡಿದ್ದ ಹುಡುಗನಿಂದ ಈ ದುಃಖವನ್ನು ಅಭಿನಯಿಸಿದರು. ಅವನ ಕಣ್ಣುಗಳಲ್ಲಿ ಆಗ ಕಾಣುವುದು ಅಭಿನಯವೋ ಅಲ್ಲವೋ ಎಂದು ನಾನು ಪ್ರತಿ ಸಲ ನೋಡುವಾಗಲೂ ಯೋಚಿಸುತ್ತೇನೆ. ಪ್ರಾಣಿಗಳನ್ನು ಕುರಿತ ಒಳ್ಳೆಯ ಸಾಹಸಕಥೆಗಳಲ್ಲಿ ಹೆಚ್ಚಿನವು ತಬ್ಬಲಿತನದಿಂದಲೇ ಹೊರಡುತ್ತವೆ. ತೆಜುಕಾನ ಸಿಂಹದ ಮರಿಯೂ ಹಾಗೆಯೇ, ಕರಡಿಯೊಡನೆ ಹೋರಾಡಹೊರಟ ನಾಯಿಮರಿಯೂ ಹಾಗೆಯೇ. ಸಾಬುವಿಗೆ ಅದು ಕಥೆಯಾಗಿರಲಿಲ್ಲ.

೧೯೩೭ರಲ್ಲಿ ಚಿತ್ರ ತೆರೆ ಕಂಡಿತು. ವೆನಿಸ್ಸಿನ ಉತ್ಸವದಲ್ಲಿ ನಿರ್ದೇಶನಕ್ಕೆ ಬಹುಮಾನ ಬಂದಿತು. ಹದಿಮೂರು ವರ್ಷದ ಹುಡುಗ ಒಂದೇ ದಿನದಲ್ಲಿ ಎಂಬಂತೆ ಪ್ರಸಿದ್ಧನಾದನು. ಮರುವರ್ಷವೇ ಅವನನ್ನು ‘ದಿ ಡ್ರಮ್’ ಎಂಬ ಚಿತ್ರದಲ್ಲಿ ವಾಯವ್ಯ ಗಡಿಯ ರಾಜಕುಮಾರನನ್ನಾಗಿ ಮಾಡಿದರು. ಬ್ರಿಟಿಷರ ಪಕ್ಷ ವಹಿಸುವ ರಾಜಕುಮಾರ! ಬೊಂಬಾಯಿ ಮದರಾಸುಗಳಲ್ಲಿ ಆ ಚಿತ್ರಕ್ಕೆ ಪ್ರತಿಭಟನೆ ನಡೆದು ಪ್ರದರ್ಶನ ನಿಂತಿತು. ನಿಂತದ್ದು ನ್ಯಾಯವೇ. ಆದರೆ ಆ ನ್ಯಾಯದಲ್ಲಿ ಹದಿನಾಲ್ಕರ ಹುಡುಗನ ಹೊಣೆ ಎಷ್ಟು? ತನ್ನನ್ನು ಸಾಕಿದ ಕೈ ಹೇಳಿದಂತೆ ಅವನು ನಡೆದನು. ತನ್ನ ದೇಶದ ಜನರು ತನ್ನ ಮುಖವನ್ನು ಕಂಡು ಸಿಟ್ಟಾಗುವಂತಾದ ಈ ಪ್ರಸಂಗವನ್ನು ಬಿಟ್ಟು ಅವನ ಜೀವನವನ್ನು ಬರೆಯುವುದು ಸರಿಯಲ್ಲವೆಂದು ಇಷ್ಟು ಹೇಳಿದೆ.

೧೯೪೦ರ ‘ದಿ ಥೀಫ್ ಆಫ್ ಬಾಗ್ದಾದ್’ ಅವನ ಕೀರ್ತಿಯ ಶಿಖರ. ಇಂಗ್ಲೆಂಡಿನಲ್ಲಿ ಆರಂಭವಾದ ಆ ಚಿತ್ರ ಯುದ್ಧದ ದೆಸೆಯಿಂದ ಅಮೆರಿಕದಲ್ಲಿ ಮುಗಿಯಿತು. ಸಾಬು ಅದರೊಡನೆಯೇ ಅಮೆರಿಕಕ್ಕೆ ಹೋದವನು ಅಲ್ಲಿಯೇ ನೆಲೆಸಿದನು. ಅಬು ಎಂಬ ಪುಟ್ಟ ಕಳ್ಳನ ಪಾತ್ರ ಅವನದು. ಸೀಸೆಯಿಂದ ಹೊರಟ ದೈತ್ಯನನ್ನು ಮಾತಿನ ಜಾಣತನದಿಂದ ಮತ್ತೆ ಸೀಸೆಗಿಳಿಸುವ ದೃಶ್ಯದಲ್ಲಿ ಅವನ ಚುರುಕನ್ನು ನೋಡಬೇಕು. ಮೂರು ಆಸ್ಕರ್ ಬಹುಮಾನಗಳು ಆ ಚಿತ್ರಕ್ಕೆ ಬಂದವು. ಸಾಹಸಕಥೆಯೊಂದನ್ನೇ ನೋಡಬೇಕೆನ್ನುವವರು ಇದರಿಂದಲೇ ಪ್ರಾರಂಭಿಸಬಹುದು.

ಬಳಿಕ ಬಂದದ್ದು ೧೯೪೨ರ ‘ಜಂಗಲ್ ಬುಕ್’. ಜೋಲ್ಟಾನ್ ಕೋರ್ಡಾ ಕ್ಯಾಲಿಫೋರ್ನಿಯದಲ್ಲಿ ಗಿಡಮರ ನೆಟ್ಟು ಭಾರತದ ಕಾಡೊಂದನ್ನು ಕಟ್ಟಿದನು; ಹುಲಿ, ಕರಿಚಿರತೆ, ತೋಳ, ಆನೆಗಳನ್ನು ನಿಜವಾಗಿಯೇ ತಂದನು, ಹೆಬ್ಬಾವನ್ನು ಮಾತ್ರ ರಬ್ಬರಿನಿಂದ ಮಾಡಿಸಿದನು. ಕಾಡು ಕೃತಕ, ಕಥೆಯೂ ಅಷ್ಟಿಷ್ಟು ತಿರುಚಿದ್ದು. ನಿಧಿಯ ಆಸೆಗೆ ಬಿದ್ದ ಮೂವರು ಹಳ್ಳಿಗರ ಪ್ರಕರಣ ಅಳತೆಗಿಂತ ಉದ್ದವಾಯಿತೆಂದು ನನಗೆ ತೋರುತ್ತದೆ. ಆದರೆ ಮೋಗ್ಲಿ? ಕೊಂಬೆಯಿಂದ ಕೊಂಬೆಗೆ ಜಾರುವ ಆ ಮೈ, ಮಾತಿಗಿಂತ ಮೊದಲು ವಾಸನೆ ಹಿಡಿಯುವ ಆ ಮೂಗು, ಹಳ್ಳಿಯ ಗುಡಿಸಿಲಿನಲ್ಲಿ ನೆಲದ ಮೇಲೆ ಮಲಗಲಾಗದೆ ಕಂಗಾಲಾಗುವ ಆ ನೋಟ. ಮುಂದೆ ೧೯೬೭ರಲ್ಲಿ ಡಿಸ್ನಿಯವರೂ, ಅದಕ್ಕೂ ಮುಂದೆ ಜಪಾನಿನವರೂ ಬರೆದ ಮೋಗ್ಲಿಗಳ ಕಪ್ಪುಗೂದಲಿನ ಹಿಂದೆ, ಚುರುಕಾದ ತೆಳುಮೈಯ ಹಿಂದೆ ಸಾಬುವಿನ ನೆರಳಿದೆಯೆಂದು ನನಗೆ ಅನ್ನಿಸುತ್ತದೆ. ಇದು ನನ್ನ ಅನ್ನಿಸಿಕೆ, ಚಿತ್ರಕಾರರ ಸಾಕ್ಷ್ಯವಲ್ಲ. ಮಿಕ್ಲೋಸ್ ರೋಜಾ ಈ ಚಿತ್ರಕ್ಕೆ ರಚಿಸಿದ ಸಂಗೀತವನ್ನು ಸಾಬುವಿನ ಕಥನದೊಡನೆ ಗ್ರಾಮಫೋನ್ ತಟ್ಟೆಗಳಾಗಿಯೂ ಹೊರತಂದರು. ಕಾರಾಪುರದ ಹುಡುಗನ ಕಂಠ ಅಮೆರಿಕದ ಮನೆಮನೆಯ ಕೂಟದ ಕೋಣೆಯನ್ನು ಹೊಕ್ಕಿತು.

ಅನಂತರ ಎರಡು ಮೂರು ವರ್ಷಗಳ ಚಿತ್ರಗಳನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಯೂನಿವರ್ಸಲ್ ಸಂಸ್ಥೆಯವರು ಜಾನ್ ಹಾಲ್, ಮರಿಯಾ ಮಾಂಟೆಜ್ ಇವರ ಪಕ್ಕದಲ್ಲಿ ಅವನನ್ನು ನಿಲ್ಲಿಸಿ, ಬಣ್ಣಬಣ್ಣದ ದ್ವೀಪಗಳ, ಮರುಭೂಮಿಗಳ ಕಥೆಗಳನ್ನು ಹೊಸೆದರು. ನಾಯಕನ ಗೆಳೆಯ, ನಗಿಸುವ ಹುಡುಗ – ಅಷ್ಟೇ ಅವನ ಪಾಲು.

೧೯೪೪ರಲ್ಲಿ ಅಮೆರಿಕದ ಪೌರತ್ವ ಪಡೆದು, ಅಲ್ಲಿನ ಸೇನಾ ವಿಮಾನದಳಕ್ಕೆ ಸೇರಿದನು. ಪ್ರಸಿದ್ಧ ನಟರಿಗೆ ಸೈನಿಕರನ್ನು ರಂಜಿಸುವ ಸುಲಭದ ಕೆಲಸ ಸಿಗಬಹುದಾಗಿತ್ತು. ಸಾಬು ಬಿ-೨೪ ಲಿಬರೇಟರ್ ಎಂಬ ಬಾಂಬರ್ ವಿಮಾನದ ಗುಂಡುಗಾರನಾದನು. ಶಾಂತಸಾಗರದ ಮೇಲೆ ಹತ್ತಾರು ಹಾರಾಟಗಳಲ್ಲಿ, ವಿಮಾನದ ಇಕ್ಕಟ್ಟಾದ ಗೂಡಿನಲ್ಲಿ, ಕೋವಿ ಹಿಡಿದು ಕುಳಿತು ಬದುಕಿ ಬಂದನು. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬ೦ದಿತು. ಚಿತ್ರಗಳಲ್ಲಿ ಅವನು ತೋರಿಸಿದ ವೀರವೆಲ್ಲ ಒಂದು ತೂಕ, ಇದು ಇನ್ನೊಂದು. ಹುಡುಗರಿಗೆ ಈ ಭಾಗವನ್ನು ಹೇಳುವಾಗ ತರಗತಿ ನಿಶ್ಶಬ್ದವಾಗುತ್ತದೆ.

ಯುದ್ಧದಿಂದ ಮರಳಿದವನು ಹುಡುಗನಾಗಿರಲಿಲ್ಲ. ಚಿತ್ರಲೋಕಕ್ಕೆ ಬೇಕಾಗಿದ್ದವನು ಹುಡುಗನೇ. ಇಲ್ಲಿಂದ ಮುಂದಿನ ಕಥೆ ನೋವಿನದು. ೧೯೪೭ರ ‘ಬ್ಲ್ಯಾಕ್ ನಾರ್ಸಿಸಸ್’ ಎಂಬ ಶ್ರೇಷ್ಠ ಚಿತ್ರದಲ್ಲಿ ಯುವರಾಜನ ಸಣ್ಣ ಪಾತ್ರವನ್ನು ಚೆನ್ನಾಗಿಯೇ ಮಾಡಿದನು. ೧೯೪೮ರಲ್ಲಿ ‘ಮ್ಯಾನ್ ಈಟರ್ ಆಫ್ ಕುಮಾವೋನ್’ ಬಂದಿತು. ಜಿಮ್ ಕಾರ್ಬೆಟ್ಟನ ಪುಸ್ತಕದ ಹೆಸರನ್ನು ಇಟ್ಟುಕೊಂಡು ಪುಸ್ತಕವನ್ನು ಬಿಟ್ಟ ಚಿತ್ರ. ಅದೇ ವರ್ಷ ನಟಿಯೊಬ್ಬಳನ್ನು ಮದುವೆಯಾದನು, ಇಬ್ಬರು ಮಕ್ಕಳಾದರು. ಸಂಸಾರ ಸಾಗಬೇಕಲ್ಲ, ದೊರೆತ ಪಾತ್ರಗಳನ್ನೆಲ್ಲ ಒಪ್ಪಿಕೊಂಡನು. ಮೂವತ್ತು ದಾಟುತ್ತಿದ್ದರೂ ಮುಂಡಾಸು ಸುತ್ತಿ, ಬರಿಮೈಯಲ್ಲಿ ನಿಲ್ಲುವುದು ತಪ್ಪಲಿಲ್ಲ. ೧೯೫೨ರ ಕೊನೆಯಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಡನೆ ಕಾಣಿಸಿಕೊಂಡನು. ಅವಮಾನವೆಂದು ಕೆಲವರು ಬಗೆದಾರು. ನನಗೆ ಹಾಗೆ ತೋರುವುದಿಲ್ಲ. ಪೊಳ್ಳು ಕಥೆಗಳ ನಡುವೆ ಅವನಿಗೆ ನಿಜವಾಗಿ ತಿಳಿದಿದ್ದ ಜೀವಿಗಳು ಅಲ್ಲಿದ್ದವು.

ಸ್ವದೇಶದ ಬಾಗಿಲೊಂದು ತೆರೆಯುವಂತೆ ಕಂಡು ಮುಚ್ಚಿಕೊಂಡ ಪ್ರಸಂಗವೂ ಇದೆ. ‘ಮದರ್ ಇಂಡಿಯಾ’ ಚಿತ್ರದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಬಯಸಿದ್ದು ಸಾಬುವನ್ನು. ಅದು ಕೈಗೂಡಲಿಲ್ಲ, ಪಾತ್ರ ಸುನೀಲ್ ದತ್ತರಿಗೆ ಸಂದಿತು. ೧೯೫೭ರಲ್ಲಿ ಆ ಚಿತ್ರ ದೇಶವನ್ನೇ ಗೆದ್ದಿತು. ಭಾರತದ ಹುಡುಗನೆಂದು ಜಗತ್ತೆಲ್ಲ ಗುರುತಿಸಿದವನು ಭಾರತದ ಒಂದು ಚಿತ್ರದಲ್ಲೂ ನಟಿಸದೆ ಹೋದನು. ಕನ್ನಡದ ಮಾತಂತೂ ದೂರವೇ ಉಳಿಯಿತು.

೧೯೬೦ರಲ್ಲಿ ಕಾರಾಪುರದಿಂದ ಜೊತೆಗೆ ಬಂದಿದ್ದ ಅಣ್ಣ ದರೋಡೆಕೋರನ ಗುಂಡಿಗೆ ಬಲಿಯಾದನು. ಅದೇ ವರ್ಷ ಹಾಲಿವುಡ್ಡಿನ ಕಾಲುದಾರಿಯಲ್ಲಿ ಹೆಸರಾಂತವರ ನಕ್ಷತ್ರಗಳ ನಡುವೆ ಸಾಬುವಿನ ಹೆಸರನ್ನೂ ಕೆತ್ತಿದರು. ೧೯೬೩ರ ಡಿಸೆಂಬರ್ ೨ರಂದು ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್ ಬಡಾವಣೆಯ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು. ಕಡೆಯ ಚಿತ್ರ ಡಿಸ್ನಿಯವರ ‘ಎ ಟೈಗರ್ ವಾಕ್ಸ್’ ಮರುವರ್ಷ ತೆರೆ ಕಂಡಿತು. ಅದರಲ್ಲಿಯೂ ಹುಲಿಯನ್ನು ಬಲ್ಲ ಭಾರತೀಯನ ಪಾತ್ರವೇ.

ಅವನು ಬಿಟ್ಟುಹೋದ ನೆಲ ಈಗ ಬೇರೆಯಾಗಿದೆ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು ೧೯೭೧ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಕಬಿನಿಯ ಅಣೆಕಟ್ಟಿನ ನೀರು ಆ ಕಾಡಿನ ತಗ್ಗುಗಳನ್ನು ತುಂಬಿತು. ೧೯೭೩ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿಯ ಸೋಲಿಗರಿಗೆ ೨೦೧೧ರಲ್ಲಿ ಅವರ ಕಾಡಿನ ಮೇಲೆ ಸಮುದಾಯದ ಹಕ್ಕುಪತ್ರ ದೊರೆಯಿತು. ಬಂಡೀಪುರಕ್ಕೆ ತಾಗಿಕೊಂಡಿರುವ ಮುದುಮಲೆಯ ತೆಪ್ಪಕಾಡಿನಲ್ಲಿ ಆನೆಮರಿಗಳನ್ನು ಸಾಕಿದ ದಂಪತಿಗಳನ್ನು ಕುರಿತ ಸಾಕ್ಷ್ಯಚಿತ್ರಕ್ಕೆ ೨೦೨೩ರಲ್ಲಿ ಆಸ್ಕರ್ ಬಂದಾಗ ನಮ್ಮ ಹುಡುಗರು ಸಂಭ್ರಮಿಸಿದರು. ಆ ಚಿತ್ರದಲ್ಲಿ ಆನೆ ಸಾಕುವವರು ತಮ್ಮ ಹೆಸರಿನಿಂದಲೇ ಬರುತ್ತಾರೆ, ತಮ್ಮ ಮಾತನ್ನೇ ಆಡುತ್ತಾರೆ. ಸಾಬುವಿಗೆ ದೊರೆಯದ ಭಾಗ್ಯ ಅದು.

ಉಪಾಧ್ಯಾಯ ಮಿತ್ರರಿಗೆ ಒಂದು ಮಾತು. ನಮ್ಮ ದೇಶದ ಕಾನೂನಿನಂತೆ ಚಲನಚಿತ್ರದ ಹಕ್ಕು ಪ್ರಕಟವಾದಂದಿನಿಂದ ಅರುವತ್ತು ವರ್ಷಗಳದು; ಆದ್ದರಿಂದ ‘ಎಲಿಫೆಂಟ್ ಬಾಯ್’, ‘ಜಂಗಲ್ ಬುಕ್’ ಎರಡರ ಅವಧಿಯೂ ಮುಗಿದಿದೆ, ಶಾಲೆಯಲ್ಲಿ ತೋರಿಸಲು ಯಾರ ಅಪ್ಪಣೆಯೂ ಬೇಡ. ಮೊದಲಿನದು ಸುಮಾರು ಎಂಬತ್ತು ನಿಮಿಷಗಳದು, ಎರಡು ಪಿರಿಯಡ್ಡುಗಳಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಮಾತುಗಳನ್ನು ಮಕ್ಕಳಿಗೆ ಅಲ್ಲಲ್ಲಿ ಕನ್ನಡದಲ್ಲಿ ಹೇಳಿಕೊಟ್ಟರೆ ಸಾಕು. ಹುಡುಗನೂ ಐರಾವತನೂ ಇಬ್ಬರೇ ಇರುವ ಕಡೆಗಳಲ್ಲಿ ಅದೂ ಬೇಕಾಗುವುದಿಲ್ಲ.